ತರ್ಜುಮೆ ತಿದ್ದುತ್ತಿದ್ದ ಕವಿ

ಕೇಳುಗರಿಗೆ ನಮಸ್ಕಾರ.

ಹದಿನೇಳು ವರ್ಷಕ್ಕೇ ಹುಡುಗನಿಗೆ ಮದುವೆ ಮಾಡಿದ ಹಿರಿಯರು, ಇನ್ನು ಓದು ಸಾಕು, ನೌಕರಿ ನೋಡಿಕೋ ಎಂದು ಬೆನ್ನು ಹತ್ತಿದರು. ಹೆಂಡತಿ ತವರಿಗೆ ಹೋದ ಸಮಯ ನೋಡಿಕೊಂಡು ಹುಡುಗ ಯಾರಿಗೂ ಹೇಳದೆ ಪಾಣಿಪತ್ತಿನಿಂದ ದೆಹಲಿಗೆ ಓಡಿಹೋದ. ಅವಳ ತವರಿನವರು ಅನುಕೂಲಸ್ಥರು, ಅವಳಿಗೇನೂ ಕಷ್ಟವಾಗದು ಎಂಬುದು ಅವನ ಸಮಾಧಾನ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಹುಡುಗನೇ ಮುಂದೆ ಉರ್ದು ಕಾವ್ಯದ ದಿಕ್ಕು ತಿರುಗಿಸಿದ ಅಲ್ತಾಫ್ ಹುಸೇನ್ ಹಾಲಿ. ಹುಟ್ಟಿದ್ದು 1837ರಲ್ಲಿ.

ಆಗ ದೆಹಲಿ ಕಾಲೇಜಿಗೆ ದೊಡ್ಡ ಹೆಸರಿತ್ತು. ಹಾಲಿ ಒಂದೂವರೆ ವರ್ಷ ಅದೇ ಊರಿನಲ್ಲಿದ್ದರೂ ಆ ಕಟ್ಟಡವನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ. ಅವರು ಬೆಳೆದ ಪರಿಸರದಲ್ಲಿ ಮೌಲ್ವಿಗಳು ಇಂಗ್ಲಿಷ್ ಮದರಸಾಗಳನ್ನು ‘ಮಜ್‌ಹಲೆ’ ಎಂದು ಹಂಗಿಸುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ವಿದ್ಯಾಲಯವಲ್ಲ, ಅವಿದ್ಯಾಲಯ. ಹಾಲಿ ಮಸೀದಿಯ ಮಗ್ಗುಲಿನ ಮದರಸಾದಲ್ಲಿ ಅರಬ್ಬಿ ಓದಿದರು, ಗಾಲಿಬನ ಮನೆಗೆ ಹೋಗಿ ಅವನ ಕವಿತೆಗಳ ಅರ್ಥ ಕೇಳಿ ತಿಳಿದರು. ಇಂಗ್ಲಿಷ್ ಕಡೆಗೂ ಕಲಿಯಲಿಲ್ಲ.

ಕಲಿಯದ ಆ ಭಾಷೆಯೇ ಅವರನ್ನು ಬದಲಿಸಿತು. 1869ರಲ್ಲಿ ಗಾಲಿಬ್ ತೀರಿಕೊಂಡ. ಆಶ್ರಯ ಕೊಟ್ಟಿದ್ದ ನವಾಬ ಶೇಫ್ತಾ ಕೂಡ ಅದೇ ವರ್ಷ ಹೋದ. ಹೊಟ್ಟೆಪಾಡಿಗೆ ಹಾಲಿ ಲಾಹೋರಿನ ಸರಕಾರಿ ಪುಸ್ತಕ ಡಿಪೋ ಸೇರಿದರು. ಬೇರೆಯವರು ಇಂಗ್ಲಿಷಿನಿಂದ ಮಾಡಿದ ತರ್ಜುಮೆಗಳ ಉರ್ದುವನ್ನು ತಿದ್ದುವುದು ಅಲ್ಲಿನ ಕೆಲಸ. ಮೂಲ ಓದಲಾರದವರು ಸುಮಾರು ನಾಲ್ಕು ವರ್ಷ ಅದರ ನೆರಳನ್ನೇ ತಿದ್ದುತ್ತ ಕುಳಿತರು. ಆ ಕೆಲಸ ಮಾಡುತ್ತ ಮಾಡುತ್ತ ಫಾರಸಿ ಸಾಹಿತ್ಯದ ಮೇಲಿದ್ದ ತಮ್ಮ ಭಕ್ತಿ ತಮಗೇ ತಿಳಿಯದಂತೆ ಕರಗಿತು ಎಂದು ಅವರೇ ಬರೆದುಕೊಂಡಿದ್ದಾರೆ. 1874ರಲ್ಲಿ ಅದೇ ಊರಿನಲ್ಲಿ ಹೊಸ ಬಗೆಯ ಮುಷಾಯಿರಾ, ಅಂದರೆ ಕವಿಗೋಷ್ಠಿ, ಶುರುವಾಯಿತು. ಪದ್ಯ ಕಟ್ಟಲು ಕವಿಗಳಿಗೆ ಹಳೆಯ ಪದ್ಧತಿಯಂತೆ ಒಂದು ಸಾಲನ್ನಲ್ಲ, ಒಂದು ವಿಷಯವನ್ನು ಕೊಡುತ್ತಿದ್ದರು. ಹಾಲಿ ಅಲ್ಲಿ ಮಳೆಗಾಲದ ಮೇಲೆ, ದೇಶಪ್ರೇಮದ ಮೇಲೆ ಪದ್ಯ ಓದಿದರು.

1893ರಲ್ಲಿ ತಮ್ಮ ಕವನಸಂಗ್ರಹಕ್ಕೆ ಅವರು ಬರೆದ ಮುನ್ನುಡಿ ಉರ್ದು ವಿಮರ್ಶೆಗೇ ಬುನಾದಿಯಾಯಿತು. ಇಂಗ್ಲಿಷ್ ಕವಿ ಮಿಲ್ಟನ್ನನ ಒಂದು ಮಾತನ್ನು ಅದರಲ್ಲಿ ತಂದಿದ್ದಾರೆ. ಕಾವ್ಯ ಸರಳವಾಗಿರಬೇಕು, ಇಂದ್ರಿಯಗಳಿಗೆ ತಟ್ಟಬೇಕು, ಭಾವ ತುಂಬಿರಬೇಕು ಎಂಬುದು ಮಿಲ್ಟನ್ನನ ಅಭಿಪ್ರಾಯ. ಹಾಲಿಯ ಉರ್ದುವಿನಲ್ಲಿ ಅದು ‘ಸಾದಗೀ, ಅಸ್ಲಿಯತ್, ಜೋಶ್’ ಆಯಿತು. ಮೊದಲನೆಯದೂ ಕೊನೆಯದೂ ಸರಿ. ನಡುವಿನ ‘ಅಸ್ಲಿಯತ್’ ಎಂದರೆ ನಿಜತನ. ಇಂದ್ರಿಯದ ಮಾತೇ ಅಲ್ಲಿಲ್ಲ. ಪಂಡಿತರು ಇದನ್ನು ಹಿಡಿದು ಆಡಿಕೊಂಡದ್ದುಂಟು. ನನಗೇನೋ ಈ ತಪ್ಪೇ ಇಷ್ಟ. ಕಲ್ಪನೆಯ ಪ್ರೇಯಸಿಗಾಗಿ ದಿನಾ ಸಾಯುತ್ತಿದ್ದ ಗಜಲಿಗೆ ಆಗ ಬೇಕಾಗಿದ್ದುದು ಈ ನಿಜತನವೇ.

ಹಾಲಿ ತಾವೇ ಮಾಡಿದ ಒಂದು ಅನುವಾದವೂ ವಿಚಿತ್ರ: ಫ್ರೆಂಚಿನಿಂದ ಅರಬ್ಬಿಗೆ ಬಂದಿದ್ದ ಭೂವಿಜ್ಞಾನದ ಪುಸ್ತಕವನ್ನು ಉರ್ದುವಿಗೆ ತಂದರು. ಹಕ್ಕನ್ನು ಪಂಜಾಬ್ ವಿಶ್ವವಿದ್ಯಾಲಯಕ್ಕೆ ಬಿಟ್ಟಿಯಾಗಿ ಕೊಟ್ಟರು.

ಲಾಹೋರಿನಿಂದ ದೆಹಲಿಗೆ ಮರಳಿ ಆಂಗ್ಲೋ-ಅರೇಬಿಕ್ ಶಾಲೆಯಲ್ಲಿ ಮೇಷ್ಟರಾದರು. ಅಂದರೆ ಅದೇ ‘ಅವಿದ್ಯಾಲಯ’ದ ಜಾತಿಯದು. ಮುಸ್ಲಿಮರ ಏಳುಬೀಳನ್ನು ಹಾಡಿದ 1879ರ ನೀಳ್ಗವಿತೆ ‘ಮುಸದ್ದಸ್’ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅದರ ಕಥೆ ಎಲ್ಲರೂ ಹೇಳುತ್ತಾರೆ. ಹೆಣ್ಣುಮಕ್ಕಳ ಓದಿಗಾಗಿ ಬರೆದ ‘ಮಜಾಲಿಸ್-ಉನ್-ನಿಸಾ’ವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಹೆಂಗಸರು ಕೂತು ಮಾತಾಡಿಕೊಳ್ಳುವ ಧಾಟಿಯ ಆ ಪುಸ್ತಕಕ್ಕೆ ಸರಕಾರ 400 ರೂಪಾಯಿ ಬಹುಮಾನ ಕೊಟ್ಟಿತು. ವರ್ಷಗಟ್ಟಲೆ ಅದು ಹುಡುಗಿಯರ ಶಾಲೆಗಳಲ್ಲಿ ಪಾಠವಾಗಿತ್ತು. ಪಾಣಿಪತ್ತಿನಲ್ಲಿ ಸ್ವತಃ ಹೆಣ್ಣುಮಕ್ಕಳ ಶಾಲೆ ತೆರೆದರು.

1884ರಲ್ಲಿ ‘ಮುನಾಜಾತ್-ಎ-ಬೇವಾ’ ಬರೆದರು, ವಿಧವೆಯ ಮೊರೆ. ಗಂಡನ ಮನೆ ಎಂದರೇನೆಂದು ತಿಳಿಯುವ ಮೊದಲೇ ಕುಂಕುಮ ಕಳೆದುಕೊಂಡ ಹುಡುಗಿ ದೇವರೆದುರು ಒಬ್ಬಳೇ ಮಾತಾಡುತ್ತಾಳೆ. ಫಾರಸಿಯ ಭಾರವಿಲ್ಲದ, ಅಡುಗೆಮನೆಯಲ್ಲಿ ಆಡುವಂಥ ನುಡಿ. ಅದು ಉರ್ದುವೋ ಹಿಂದಿಯೋ ಎಂದು ಬೇರ್ಪಡಿಸಲು ಹೋದವರು ಸೋಲುತ್ತಾರೆ.

ನಮಸ್ಕಾರ.