ಹನ್ನೊಂದು ಹತ್ತಾದದ್ದು ಹೇಗೆ

ಕನ್ನಡ ಅಂಕಿಯಲ್ಲಿ ಒಂದು ಬರೆದು ನೋಡಿ. ೧. ಕೆಳಗಡೆ ಬಾಯಿ ತೆರೆದಿರುವ ಸುತ್ತು. ಆ ಬಾಯಿ ಮುಚ್ಚಿದರೆ ೦. ಒಂದಕ್ಕೂ ಸೊನ್ನೆಗೂ ನಡುವೆ ಇರುವುದು ಅಷ್ಟೇ ಸಂದು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಸಂದಿನ ಬಗ್ಗೆ.

ಮಾಟುಂಗದಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಮುಂಬೈಗೆ ಬಂದು, ಫೋರ್ಟ್‌ನ ಹೋಟೆಲೊಂದರಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು. ಅವರ ಟ್ರಂಕಿನಲ್ಲಿ 1959ರ ಒಂದು ಲೆಕ್ಕದ ಪುಸ್ತಕ ಇದೆ. ಹೋಟೆಲಿನ ಯಾವ ಹುಡುಗ ಯಾವ ತಿಂಗಳು ಊರಿಗೆ ಎಷ್ಟು ಮನಿ ಆರ್ಡರ್ ಮಾಡಿದ ಅಂತ ಸಾಲುಸಾಲಾಗಿ ಬರೆದಿಟ್ಟಿದ್ದಾರೆ, ಕನ್ನಡ ಅಂಕಿಗಳಲ್ಲಿ. ಅರವತ್ತು ಚಿಲ್ಲರೆ ಮಳೆಗಾಲ ಕಂಡ ಪುಸ್ತಕ. ಪುಟಗಳಿಗೆ ಬೂಷ್ಟು ಹಿಡಿದಿದೆ, ಅಂಚು ಹಳದಿಯಾಗಿದೆ.

ನಾನು ಡೊಂಬಿವಲಿಯಿಂದ ಒಂದು ಭಾನುವಾರ ಹೋಗಿ ಫೋನಿನಲ್ಲಿ ಪುಟಗಳ ಫೋಟೋ ತೆಗೆದೆ. ಒಂದು ಸ್ಕ್ಯಾನಿಂಗ್ ಆ್ಯಪ್ ಹಾಕಿದೆ. ಪುಟ ಬೆಳ್ಳಗಾಯಿತು, ಅಕ್ಷರ ಕಪ್ಪಾಗಿ ಎದ್ದು ಬಂತು, ನನಗಂತೂ ಖುಷಿಯೋ ಖುಷಿ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದವರೇ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ಹತ್ತಲ್ಲ ಮಗಾ, ಹನ್ನೊಂದು. ತಂಗಿಯ ಸ್ಲೇಟಿಗೆ ಅಂತ ಆ ತಿಂಗಳು ಒಂದು ರೂಪಾಯಿ ಜಾಸ್ತಿ ಹಾಕಿದ್ದೆ ನಾನು."

ಪುಸ್ತಕ ತೆಗೆದು ನೋಡಿದೆ. ಹನ್ನೊಂದೇ. ಆ್ಯಪ್ ಚಿತ್ರವನ್ನು ನುಣುಪು ಮಾಡುವಾಗ ಎರಡನೇ ಒಂದರ ಬಾಯಿ ಮುಚ್ಚಿತ್ತು.

ಅಂದಿನಿಂದ ನಾನು ಹೇಳಿಕೊಂಡು ಬಂದಿರುವ ಮಾತು ಇದು: ಹಳೆಯ ಕಾಗದವನ್ನು ಸರಿಪಡಿಸುವವರು ಚಿತ್ರವನ್ನು ಹೊಸದಾಗಿ ಸೃಷ್ಟಿಸುವ ದೊಡ್ಡ ಎಐ ಮಾದರಿಗಳಿಗೆ ಕೈ ಹಾಕುವ ಮೊದಲು ಸಾದಾ ರಿಗ್ರೆಷನ್, ಅಂದರೆ ಅಳೆದ ಬಿಂದುಗಳಿಗೆ ಅತಿ ಹತ್ತಿರ ಹೊಂದುವ ಗೆರೆಯನ್ನೋ ಮೇಲ್ಮೈಯನ್ನೋ ಹುಡುಕುವ ಲೆಕ್ಕ, ಮಾಡಿ ನೋಡಬೇಕು. ಅದು ವೇಗವಾಗಿ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಅದು ತಪ್ಪಿದರೆ ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು.

ಮೊದಲು ಬೆಳಕಿನ ವಿಷಯ ನೋಡೋಣ. ದೊಡ್ಡಪ್ಪನ ಮನೆಯಲ್ಲಿ ಕಿಟಕಿ ಒಂದೇ ಕಡೆ. ಪುಟದ ಎಡಗಡೆ ಬೆಳಕು, ಬಲಗಡೆ ನೆರಳು, ನಡುವೆ ಹೊಲಿಗೆಯ ಹತ್ತಿರ ಬಾಗು. ಈ ಬೆಳಕಿನ ಏರಿಳಿತವನ್ನು ಒಂದು ಬಾಗಿದ ಮೇಲ್ಮೈ ಅಂತ ಹಿಡಿದರೆ ಅದನ್ನು ಬರೆಯಲು ಆರೇ ಆರು ಸಂಖ್ಯೆ ಸಾಕು: ಅಡ್ಡ, ಉದ್ದ, ಅವೆರಡರ ವರ್ಗ, ಅವೆರಡರ ಗುಣಲಬ್ಧ, ಜೊತೆಗೊಂದು ಸ್ಥಿರಾಂಕ. ಫೋಟೋದಲ್ಲಿ 1.2 ಕೋಟಿ ಪಿಕ್ಸೆಲ್ ಇದ್ದರೂ ಆರು ಸಂಖ್ಯೆ ಹುಡುಕುವುದಕ್ಕೆ ಅಷ್ಟೂ ಬೇಡ, ಅಲ್ಲಲ್ಲಿ ಹೆಕ್ಕಿದ ಕೆಲವು ಸಾವಿರ ಪಿಕ್ಸೆಲ್ ಸಾಕು. ಹುಡುಕುವ ದಾರಿ ರಿಗ್ರೆಷನ್‌ನ ಕನಿಷ್ಠ ವರ್ಗಗಳ ವಿಧಾನ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆ ಲೆಕ್ಕ ಹಾಕಲು ಪ್ರಕಟಿಸಿದ ವಿಧಾನ ಅದು.

ಅದರಲ್ಲಿ ಒಂದು ತೊಡಕಿದೆ. ಅದು ತಪ್ಪನ್ನು ವರ್ಗ ಮಾಡಿ ಕೂಡಿಸಿ, ಆ ಮೊತ್ತ ಆದಷ್ಟು ಕಡಿಮೆ ಬರುವ ಹಾಗೆ ನೋಡಿಕೊಳ್ಳುತ್ತದೆ. ಹಾಗಾಗಿ ದೂರದ ಒಂದು ಬಿಂದು ಇಡೀ ಮೇಲ್ಮೈಯನ್ನು ತನ್ನ ಕಡೆಗೆ ಜಗ್ಗುತ್ತದೆ. ನಮ್ಮ ಪುಟದಲ್ಲಿ ಹಾಗೆ ಜಗ್ಗುವುದು ಶಾಯಿ. ಕಾಗದದ ಬೆಳಕು ಅಳೆಯಲು ಹೋದರೆ ಅಕ್ಷರಗಳು ನಡುವೆ ಬರುತ್ತವೆ. ಪರಿಹಾರ ಸುಲಭ: ಒಮ್ಮೆ ಮೇಲ್ಮೈ ಹೊಂದಿಸಿ, ಅದಕ್ಕಿಂತ ತುಂಬಾ ಕಪ್ಪಾದ ಪಿಕ್ಸೆಲ್‌ಗಳನ್ನು ಬಿಟ್ಟು, ಮತ್ತೆ ಹೊಂದಿಸಿ. ಮೂರ್ನಾಲ್ಕು ಸಲ ಮಾಡುವಷ್ಟರಲ್ಲಿ ಕಾಗದ ಮಾತ್ರ ಉಳಿಯುತ್ತದೆ. ಆಮೇಲೆ ಫೋಟೋವನ್ನು ಆ ಮೇಲ್ಮೈಯಿಂದ ಭಾಗಿಸಿದರೆ ನೆರಳು ಹೋಯಿತು. ಒಂದು ಅಕ್ಷರದ ಆಕಾರವೂ ಬದಲಾಗಲಿಲ್ಲ.

ಇನ್ನು ಕಾಗದದ ತುಂಬ ಇರುವ ಸಣ್ಣ ಕಾಳುಕಾಳು. ಇಲ್ಲೇ ನನಗೆ ತುಂಬಾ ಇಷ್ಟವಾದ ವಿಧಾನ ಬರುವುದು. ಕೈಮಿಂಗ್ ಹೆ, ಜಿಯಾನ್ ಸುನ್, ಶಿಯಾವೌ ಟಾಂಗ್ 2010ರಲ್ಲಿ ಮಂಡಿಸಿದ ಗೈಡೆಡ್ ಫಿಲ್ಟರ್. ಹೆಸರು ದೊಡ್ಡದಾದರೂ ಒಳಗಿರುವುದು ಸರಳ ರೇಖೆಯ ರಿಗ್ರೆಷನ್. ಚಿತ್ರದ ಮೇಲೆ ಸಣ್ಣ ಕಿಟಕಿ ಇಡಿ. ಆ ಕಿಟಕಿಯೊಳಗೆ ಉತ್ತರ ಅಂದರೆ ಮೂಲದ ಇಷ್ಟು ಪಾಲು, ಕೂಡಿಸು ಒಂದು ಸ್ಥಿರಾಂಕ. ಆ ಪಾಲು ಎಷ್ಟು? ಕಿಟಕಿಯೊಳಗಿನ ಏರಿಳಿತವನ್ನು (ಪ್ರತಿ ಪಿಕ್ಸೆಲ್ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ, ಅದರ ವರ್ಗಗಳ ಸರಾಸರಿ), ಅದೇ ಏರಿಳಿತಕ್ಕೆ ನಾವು ಆರಿಸಿದ ಒಂದು ಸಂಖ್ಯೆ ಕೂಡಿಸಿ ಬಂದದ್ದರಿಂದ ಭಾಗಿಸಬೇಕು. ಆ ಸಂಖ್ಯೆ 100 ಅಂತಿಟ್ಟುಕೊಳ್ಳಿ. ಖಾಲಿ ಕಾಗದದ ಏರಿಳಿತ 25 ಇದ್ದರೆ, 25 ಭಾಗಿಸು 125, ಅಂದರೆ 0.2. ಕಾಳು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಶಾಯಿಯ ಅಂಚಿನಲ್ಲಿ ಏರಿಳಿತ 900 ಇದ್ದರೆ, 900 ಭಾಗಿಸು 1000, ಅಂದರೆ 0.9. ಅಂಚು ಹೆಚ್ಚುಕಡಿಮೆ ಇದ್ದಹಾಗೇ ಇರುತ್ತದೆ.

ಈಗ ಆ ಒಂದರ ಬಾಯಿಗೆ ಬನ್ನಿ. ಸಾಮಾನ್ಯ ಮಸುಕು ಫಿಲ್ಟರ್ ಎರಡೂ ಬದಿಯ ಶಾಯಿಯನ್ನು ಸಂದಿನೊಳಗೆ ಹರಡುತ್ತದೆ. ಆಮೇಲೆ ಕಪ್ಪು-ಬಿಳಿ ಮಾಡಿದಾಗ ಸಂದು ಕಪ್ಪಾಗಿ ಸೊನ್ನೆಯಾಗುತ್ತದೆ. ಗೈಡೆಡ್ ಫಿಲ್ಟರಿಗೆ ಆ ಕಿಟಕಿಯಲ್ಲಿ ಶಾಯಿಯೂ ಕಾಗದವೂ ಒಟ್ಟಿಗೆ ಕಾಣಿಸುತ್ತವೆ, ಏರಿಳಿತ ದೊಡ್ಡದು, ಆದ್ದರಿಂದ ಅಲ್ಲಿ ಕೈ ಹಾಕುವುದಿಲ್ಲ. ಬೇಕಾದ್ದಕ್ಕಿಂತ ದೊಡ್ಡ ಸಂಖ್ಯೆ ಆರಿಸಿದರೆ ಇದೂ ಬಾಯಿ ಮುಚ್ಚೀತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ತಿರುಗಿಸುವ ಕಿವಿ ನಮ್ಮ ಕೈಯಲ್ಲಿದೆ. ತಿರುಗಿಸಿದರೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ.

ವೇಗ ಎಲ್ಲಿಂದ ಬಂತು? 41 ಅಡ್ಡ 41ರ ಕಿಟಕಿಯಲ್ಲಿ 1681 ಪಿಕ್ಸೆಲ್. 1.2 ಕೋಟಿ ಪಿಕ್ಸೆಲ್‌ಗೂ ಇಷ್ಟಿಷ್ಟು ಕೂಡಿಸುತ್ತಾ ಹೋದರೆ 2000 ಕೋಟಿ ಕೂಡಿಕೆ ದಾಟುತ್ತದೆ. ಅದರ ಬದಲು ಮೂಲೆಯಿಂದ ಓಡುವ ಮೊತ್ತದ ಕೋಷ್ಟಕ ಒಂದನ್ನು ಒಮ್ಮೆ ಮಾಡಿಟ್ಟುಕೊಂಡರೆ, ಯಾವ ಕಿಟಕಿಯ ಮೊತ್ತವಾದರೂ ಅದರ ನಾಲ್ಕು ಮೂಲೆ ಓದಿದರೆ ಸಿಗುತ್ತದೆ. ಕಿಟಕಿ 9 ಇರಲಿ, 41 ಇರಲಿ, ಕೆಲಸ ಅಷ್ಟೇ. ಗಲ್ಲಾದಲ್ಲಿ ಕೂತವರಿಗೆ ಇದು ಹೊಸದಲ್ಲ. ದಿನದಿನದ ಒಟ್ಟು ಮೊತ್ತ ಬರೆದಿಟ್ಟವನು ಹತ್ತರಿಂದ ಇಪ್ಪತ್ತನೇ ತಾರೀಖಿನ ವ್ಯಾಪಾರ ಕೇಳಿದರೆ ಇಪ್ಪತ್ತರದ್ದರಲ್ಲಿ ಒಂಬತ್ತರದ್ದು ಕಳೆದು ಹೇಳುತ್ತಾನೆ.

ವೇಗ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಪುಸ್ತಕ ಇನ್ನೂ ದೊಡ್ಡಪ್ಪನ ತೊಡೆಯ ಮೇಲಿರುವಾಗ, ಪುಟ ಮಗುಚುವ ಮೊದಲೇ, ಫಲಿತಾಂಶ ನನ್ನ ಸಾದಾ ಫೋನಿನಲ್ಲಿ ಕಾಣಬೇಕು. ತಪ್ಪಿದ್ದರೆ ಅಲ್ಲೇ ಮತ್ತೊಂದು ಫೋಟೋ ತೆಗೆಯಬಹುದು. ಮನೆಯವರ ದುಡ್ಡಿನ ಲೆಕ್ಕವನ್ನು ಯಾವುದೋ ದೂರದ ಸರ್ವರಿಗೆ ಕಳಿಸಬೇಕಾಗಿಲ್ಲ.

ಇನ್ನು ನಿಖರತೆ. ಇಲ್ಲಿ ನನಗೆ ನಿಜವಾಗಿ ಕಳವಳ ಇದೆ. ಈ ಕ್ಷೇತ್ರದಲ್ಲಿ ನಿಖರತೆಯನ್ನು ಸಾಮಾನ್ಯವಾಗಿ ಪಿಕ್ಸೆಲ್ ತಪ್ಪಿನ ಸರಾಸರಿಯಿಂದ ಅಳೆಯುತ್ತಾರೆ. ಒಂದರ ಬಾಯಿ ಫೋಟೋದಲ್ಲಿ ಬೆರಳೆಣಿಕೆಯಷ್ಟು ಪಿಕ್ಸೆಲ್ ಅಗಲ. ಅದು ಮುಚ್ಚಿಹೋದರೂ 1.2 ಕೋಟಿಯ ಸರಾಸರಿ ಅಲುಗಾಡುವುದಿಲ್ಲ. ಅಂಕ ಪೂರ್ತಿ ಬಂತು, ತಂಗಿಯ ಸ್ಲೇಟಿನ ರೂಪಾಯಿ ಹೋಯಿತು.

ಇಂಥದ್ದು ಹಿಂದೆಯೂ ಆಗಿದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಮೂರು ಬೇರೆಬೇರೆ ಕೋಣೆಗಳ ವಿಸ್ತೀರ್ಣವೂ 14.13 ಚದರ ಮೀಟರ್ ಅಂತ ಬಂತು. ಮೂಲದಲ್ಲಿ ಇನ್ನೆರಡು 21.11 ಮತ್ತು 17.42. ಫೈಲ್ ಚಿಕ್ಕದು ಮಾಡಲು ಯಂತ್ರ ಒಂದೇ ತರಹ ಕಂಡ ತುಂಡುಗಳನ್ನು ಒಂದೇ ಎಂದು ಅಂಟಿಸುತ್ತಿತ್ತು. ಅಂಕಿ ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅವು ಸ್ಪಷ್ಟವಾಗಿಯೇ ಇದ್ದವು.

2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ, ಮಸುಕು ಮುಖವನ್ನು ಸ್ಪಷ್ಟ ಮಾಡುವ ಪಲ್ಸ್ ಎಂಬ ವಿಧಾನಕ್ಕೆ ಒಬಾಮ ಅವರ ಮಸುಕಾದ ಪುಟ್ಟ ಚಿತ್ರ ಕೊಟ್ಟಾಗ ಒಬ್ಬ ಬಿಳಿಯನ ಮುಖ ಬಂತು. ಚಿಕ್ಕದು ಮಾಡಿದರೆ ಅದೇ ಮಸುಕು ಬರುವಂಥ ಯಾವುದಾದರೂ ಒಂದು ಮುಖವನ್ನು ಅದು ಹುಡುಕುತ್ತದೆ. ಅಂಥ ಮುಖಗಳು ಬೇಕಾದಷ್ಟಿವೆ.

ಕನಿಷ್ಠ ವರ್ಗಗಳು ಹಾಗಲ್ಲ. ಎರಡು ಉತ್ತರಕ್ಕೂ ಸಮ ಸಾಧ್ಯತೆ ಇದ್ದರೆ ಅದು ಅವೆರಡರ ನಡುವಿನದ್ದನ್ನು ಕೊಡುತ್ತದೆ, ಅಂದರೆ ಮಸುಕು. ಇದನ್ನು ಅದರ ದೊಡ್ಡ ದೋಷ ಅಂತ ಪಾಠ ಮಾಡುತ್ತಾರೆ. ಲೆಕ್ಕದ ಪುಸ್ತಕದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಆ ಮಸುಕು ನೋಡಿದವರು ಮೂಲ ಪುಟ ತೆರೆಯುತ್ತಾರೆ.

ಕಲಿಯುವ ವಿಧಾನಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಲು ಗೂಗಲ್‌ನವರು 2016ರಲ್ಲಿ ತಂದ ರೈಸರ್ ಎಂಬ ವಿಧಾನ, ಚಿತ್ರದ ಸಣ್ಣ ತುಂಡುಗಳನ್ನು ಅಂಚಿನ ದಿಕ್ಕು, ಬಲ ನೋಡಿ ಗುಂಪು ಮಾಡಿ, ಗುಂಪಿಗೊಂದು ಫಿಲ್ಟರನ್ನು ಇದೇ ಕನಿಷ್ಠ ವರ್ಗಗಳಿಂದ ಕಲಿಯುತ್ತದೆ. ಒಳಗಿನದ್ದೆಲ್ಲ ತೆರೆದು ನೋಡಬಹುದು. ಅಂಥದ್ದನ್ನು ನಮ್ಮ ಬರಹದ ಮೇಲೇ ಕಲಿಸಿ. ಷ ಪ ಆಗುವುದು ಹೊಟ್ಟೆಯೊಳಗಿನ ಒಂದು ಗೆರೆ ಅಳಿಸಿದರೆ, ಧ ದ ಆಗುವುದು ಕೆಳಗಿನ ಒಂದು ಸೀಳು ತುಂಬಿದರೆ. ಇಂಗ್ಲಿಷ್ ಪುಟಗಳನ್ನೇ ನೋಡಿದ ಫಿಲ್ಟರಿಗೆ ಆ ಸೀಳು ಕೊಳೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಮುಂಬೈಯಲ್ಲಿ ನಮ್ಮವರ ಹೋಟೆಲು, ರಾತ್ರಿ ಶಾಲೆ, ಸಂಘಗಳ ಹಳೆಯ ದಾಖಲೆ ಯಾರ್ಯಾರ ಅಟ್ಟದಲ್ಲೋ ಇವೆ. ಫೋಟೋ ತೆಗೆಯುವವರಲ್ಲಿ ನನ್ನದೊಂದೇ ಬೇಡಿಕೆ: ತಿದ್ದದ ಮೂಲ ಫೋಟೋ ಅಳಿಸಬೇಡಿ, ಯಾವ ಫಿಲ್ಟರ್, ಎಷ್ಟರ ಕಿಟಕಿ ಅಂತ ಫೈಲಿನ ಹೆಸರಲ್ಲೇ ಬರೆದಿಡಿ. ಬರೆದವರು ಬದುಕಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಅಂಕಿ ಓದಿಸಿ.

ನಮ್ಮ ಪುಸ್ತಕದಲ್ಲಿ ಇನ್ನು ಎಪ್ಪತ್ತು ಪುಟ ಬಾಕಿ. ಈ ಭಾನುವಾರ ಬೆಳಗಿನ ಗಾಡಿಗೆ ಮತ್ತೆ ಹೋಗುತ್ತಿದ್ದೇನೆ. ಹತ್ತು ಗಂಟೆಯ ತನಕ ಮಾತ್ರ ಕಿಟಕಿಯಲ್ಲಿ ಒಳ್ಳೆಯ ಬೆಳಕು ಇರುತ್ತದೆ ಅಂತ ದೊಡ್ಡಪ್ಪ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಾರೆ.