ಜವಳಿ ಅಂಗಡಿಯ ಚೀಲ

ಕೇಳುಗರೆಲ್ಲರಿಗೂ ನಮಸ್ಕಾರ.

ಯಾವುದೇ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಸಾಕು, ಯಾರದು ಹೊಸ ಕಾಯಿಲೆ, ಯಾರದು ಹಳೆಯದು ಎಂದು ಹೇಳಿಬಿಡಬಹುದು. ಹೊಸಬರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಹಳಬರ ಕೈಯಲ್ಲಿ ಜವಳಿ ಅಂಗಡಿಯ ಚೀಲವಿರುತ್ತದೆ. ಅದರೊಳಗೆ ಎಕ್ಸ್-ರೇ, ರಕ್ತ ಪರೀಕ್ಷೆಯ ವರದಿಗಳು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು, ಕಾರ್ಡುಗಳು, ಕಾರ್ಡುಗಳ ಜೆರಾಕ್ಸ್.

ನನ್ನ ತಾಯಿಯ ಚೀಲವನ್ನು ನಾನು ಒಂಬತ್ತು ವರ್ಷ ಹೊತ್ತೆ. ಮೊದಲು ಸಕ್ಕರೆ ಕಾಯಿಲೆ ಬಂತು, ಆಮೇಲೆ ಬಿಪಿ, ಆಮೇಲೆ ಕಣ್ಣು, ಕೊನೆಗೆ ಮೂತ್ರಪಿಂಡ. ನಾಲ್ವರು ವೈದ್ಯರು, ನಾಲ್ವರೂ ಒಳ್ಳೆಯವರೇ. ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಿದ್ದುದು ನಾನು ಚೀಲ ಬಿಚ್ಚಿದಾಗ ಮಾತ್ರ. ಮಂಡಿನೋವಿಗೆಂದು ಕೊಟ್ಟಿದ್ದ ಮಾತ್ರೆ ಮೂತ್ರಪಿಂಡಕ್ಕೆ ಆಗದು ಎಂದು ನಮಗೆ ತಿಳಿಯುವ ಹೊತ್ತಿಗೆ ಅಮ್ಮ ಅದನ್ನು ಎರಡು ತಿಂಗಳು ನುಂಗಿಯಾಗಿತ್ತು.

ಈ ಚೀಲ ಹೊರುವ ಕೆಲಸವನ್ನು ಮನೆಯವರ ತಲೆಗೆ ಕಟ್ಟದೆ, ಸಂಬಳ ಕೊಟ್ಟು ಮಾಡಿಸಿದವರೂ ಇದ್ದಾರೆ. ಅವರ ವಿಷಯ ಹೇಳಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗಿ ಒಂದು ಹಲ್ಲುನೋವಿನ ಬಿಲ್ಲಿಗೆ ಬೆಚ್ಚಿಬಿದ್ದು ಬಂದವರು ನಗಬಹುದು, ಸ್ವಲ್ಪ ತಾಳಿ.

1933ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಲಾಸ್ ಏಂಜಲಿಸ್‌ಗೆ ನೀರು ತರುವ ಕಾಲುವೆಯ ಕೆಲಸ ನಡೆಯುತ್ತಿತ್ತು. ಅಲ್ಲಿ ಸಿಡ್ನಿ ಗಾರ್ಫೀಲ್ಡ್ ಎಂಬ ವೈದ್ಯ ಸಣ್ಣ ಆಸ್ಪತ್ರೆ ತೆರೆದು ಸಾಲಕ್ಕೆ ಸಿಕ್ಕಿಕೊಂಡಿದ್ದ. ಅವನನ್ನು ಉಳಿಸಿದ್ದು ಒಂದು ಏರ್ಪಾಡು: ಕಾರ್ಮಿಕನೊಬ್ಬನಿಗೆ ದಿನಕ್ಕೆ 5 ಸೆಂಟ್‌ನಂತೆ ಮುಂಗಡ ಹಣ, ಗಾಯಕ್ಕೆ ಚಿಕಿತ್ಸೆ ಉಚಿತ. ಹಣ ಮೊದಲೇ ಕೈಗೆ ಬಂದದ್ದೇ ತಡ, ಗಾರ್ಫೀಲ್ಡ್ ಕೆಲಸದ ಜಾಗಕ್ಕೇ ಹೋಗಿ, ಕಾಲಿಗೆ ಚುಚ್ಚುವ ಮೊಳೆಗಳು ಎಲ್ಲೆಲ್ಲಿವೆ ಎಂದು ನೋಡತೊಡಗಿದ. ಈಗ ಗಾಯಾಳು ಬಂದರೆ ಅವನಿಗೆ ಖರ್ಚು, ಬಾರದಿದ್ದರೆ ಉಳಿತಾಯ! ತಲೆಗಿಷ್ಟು ಎಂದು ಮೊದಲೇ ಹಣ ಪಡೆದು ಚಿಕಿತ್ಸೆಯ ಹೊಣೆ ಹೊರುವ, ಅಮೆರಿಕದವರು ಮುಂದೆ ಮ್ಯಾನೇಜ್ಡ್ ಕೇರ್ ಎಂದು ಕರೆದ ಪದ್ಧತಿಯ ಒಂದು ಬೇರು ಇಲ್ಲಿದೆ. ನಮ್ಮ ಯಶಸ್ವಿನಿ ಆರೋಗ್ಯ ಯೋಜನೆಯ ನೆನಪಿರುವವರಿಗೆ ಈ ಲೆಕ್ಕ ತೀರಾ ಹೊಸದಲ್ಲ: 2003ರಲ್ಲಿ ಸಹಕಾರ ಸಂಘದ ರೈತನಿಂದ ತಿಂಗಳಿಗೆ 5 ರೂಪಾಯಿ.

ಮೊಳೆ ಕೀಳುವುದಕ್ಕಿಂತ ಸುಲಭದ ದಾರಿಯೊಂದು ಮುಂದಿನವರಿಗೆ ಹೊಳೆಯಿತು. ಕಾಯಿಲೆಯವರನ್ನು ಸೇರಿಸಿಕೊಳ್ಳದಿದ್ದರೆ ಆಯಿತಲ್ಲ! ಮುಂಗಡ ಹಣದ ಇಂಥ ಸಂಸ್ಥೆಗಳಿಗೆ ನೆರವಾದ 1973ರ ಕಾನೂನಿನ ನಂತರ ಅವು ಬೆಳೆದವು. ವೃದ್ಧರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಮೆಡಿಕೇರ್ ವಿಮಾ ಯೋಜನೆಯ ಹಣವೂ ಅವುಗಳಿಗೆ ಹರಿಯಿತು. 2000ದವರೆಗೆ ಸರ್ಕಾರ ತಲೆಗಿಷ್ಟು ಎಂದು ಕೊಡುತ್ತಿದ್ದ ಹಣವನ್ನು ಬಹುಮಟ್ಟಿಗೆ ವಯಸ್ಸು, ಲಿಂಗ, ಊರು ಇವುಗಳ ಮೇಲೆಯೇ ನಿಗದಿ ಮಾಡುತ್ತಿತ್ತು. ದಿನಾ ನಾಲ್ಕು ಮೈಲಿ ನಡೆಯುವ ಅಜ್ಜನಿಗೂ, ಹೃದಯ ಸೋತು ಹಾಸಿಗೆ ಹಿಡಿದ ಅಜ್ಜನಿಗೂ ಹೆಚ್ಚುಕಡಿಮೆ ಒಂದೇ ಮೊತ್ತ. ಕಂಪನಿಗೆ ಯಾವ ಅಜ್ಜ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಸೇರಿದ ರೋಗಿಗೂ ಸ್ಕ್ಯಾನ್ ಬೇಕಾದರೆ, ದುಬಾರಿ ಔಷಧ ಬೇಕಾದರೆ ಕಂಪನಿಯ ಪೂರ್ವಾನುಮತಿ ಬರುವವರೆಗೆ ಕಾಯಬೇಕು. 2004ರಿಂದ ಕಾಯಿಲೆಯ ತೂಕ ನೋಡಿ ಹಣ ಕೊಡುವ ಪದ್ಧತಿ ಬಂದಿದೆ. ಅನುಮತಿಯ ಕಾಟ ಮಾತ್ರ ಇನ್ನೂ ತಪ್ಪಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕೇರಿಯಲ್ಲಿ. ಅಲ್ಲಿನ ವೃದ್ಧರಿಗೆ ಊರಾಚೆಯ ಆರೈಕೆ ಗೃಹಗಳು ಬೇಡವಾಗಿದ್ದವು. ಅಲ್ಲಿ ಅವರ ಭಾಷೆಯಿಲ್ಲ, ಅವರ ಊಟವಿಲ್ಲ. ದಂತವೈದ್ಯ ವಿಲಿಯಂ ಗೀ ಮತ್ತು ಸಮಾಜ ಕಾರ್ಯಕರ್ತೆ ಮೇರಿ ಲೂಯಿಸ್ ಆನ್ಸಾಕ್ 1970ರ ದಶಕದ ಆರಂಭದಲ್ಲಿ ಒಂದು ಹಗಲು ಕೇಂದ್ರ ತೆರೆದರು. ಹೆಸರು ಆನ್ ಲೋಕ್, ನೆಮ್ಮದಿಯ ಮನೆ ಎಂಬ ಅರ್ಥದ ಚೀನೀ ಮಾತು. ಬೆಳಿಗ್ಗೆ ವ್ಯಾನ್ ಬಂದು ಕರೆದೊಯ್ಯುತ್ತದೆ, ಊಟ, ವ್ಯಾಯಾಮ, ವೈದ್ಯರು, ಮಾತುಕತೆ ಎಲ್ಲ ಅಲ್ಲೇ, ಸಂಜೆ ಮನೆಗೆ. 1983ರಲ್ಲಿ ಅವರು ತಲೆಗಿಷ್ಟು ಎಂಬ ಮಾಸಿಕ ಹಣದ ಪದ್ಧತಿಗೆ ಒಪ್ಪಿದರು. ಆದರೆ ಔಷಧ, ಆಸ್ಪತ್ರೆ, ಆರೈಕೆ ಗೃಹ ಎಲ್ಲದರ ಖರ್ಚೂ ಆ ಒಂದೇ ಗಂಟಿನಿಂದ. ಸೇರುವವರು ಆರೈಕೆ ಗೃಹಕ್ಕೆ ಹೋಗಬೇಕಾದಷ್ಟು ಸೋತವರೇ ಆಗಿರಬೇಕು. ಆರೋಗ್ಯವಂತರನ್ನು ಆರಿಸಿಕೊಳ್ಳುವ ಆಟಕ್ಕೆ ಇಲ್ಲಿ ಅವಕಾಶವಿಲ್ಲ. ಸ್ನಾನದ ಮನೆಗೆ ಹಿಡಿಕೆ ಹಾಕಿಸಿದರೆ ಸೊಂಟ ಮುರಿಯುವುದು ತಪ್ಪುತ್ತದೆ ಎಂದಾದರೆ ಹಿಡಿಕೆಗೂ ಅದೇ ಹಣ ಬಳಸಬಹುದು. 1997ರಲ್ಲಿ ಅಲ್ಲಿನ ಸಂಸತ್ತು ಈ ಮಾದರಿಯನ್ನು ಮೆಡಿಕೇರ್‌ನ ಕಾಯಂ ಭಾಗವಾಗಿಸಿತು. ಈಗ ಅದರ ಹೆಸರು ಪೇಸ್.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದು ಸಣ್ಣ ನಿಯಮ. ರೋಗಿಯ ಬಗ್ಗೆ ತೀರ್ಮಾನಿಸುವ ತಂಡದಲ್ಲಿ ವೈದ್ಯರು, ದಾದಿ, ಆಹಾರ ತಜ್ಞರು ಮೊದಲಾದವರ ಜೊತೆ ವ್ಯಾನ್ ಚಾಲಕನೂ ಇರಬೇಕು. ಶಿಷ್ಟಾಚಾರಕ್ಕಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ಅಜ್ಜಿ ಬಾಗಿಲು ತೆರೆಯಲು ನಿನ್ನೆಗಿಂತ ತಡಮಾಡಿದಳು, ಮೆಟ್ಟಿಲಿಳಿಯುವಾಗ ಏದುಸಿರು ಬಿಟ್ಟಳು, ಚಪ್ಪಲಿ ಬಿಗಿಯಾಗಿದೆ ಎಂದಳು. ಕಾಲು ಊದಿಕೊಂಡಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂಬ ಸುದ್ದಿ ಪ್ರಯೋಗಾಲಯಕ್ಕಿಂತ ಮೊದಲು ಚಾಲಕನಿಗೆ ಸಿಗುತ್ತದೆ.

ಪೇಸ್ ಇಂದಿಗೂ ಚಿಕ್ಕದೇ. ಎಷ್ಟೋ ಜನ ತಮ್ಮ ಹಳೆಯ ವೈದ್ಯರನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ನಮ್ಮಲ್ಲಿ? 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅದನ್ನು ಹಗುರವಾಗಿ ಆಡಿಕೊಳ್ಳುವವನು ನಾನಲ್ಲ, ಎಷ್ಟೋ ಹೊಲಗಳು ಮಾರಾಟವಾಗದೆ ಉಳಿದಿವೆ. ಆದರೆ ಕೇಂದ್ರದ ಆಯುಷ್ಮಾನ್ ನಿಯಮದಂತೆ, ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಯೋಜನೆಯದು. ಸಕ್ಕರೆ ಕಾಯಿಲೆಯ ಸಂಸಾರ ಶುರುವಾಗುವುದೇ 16ನೆಯ ದಿನ. ಬೆರಳು ಕತ್ತರಿಸಲು ಕಾರ್ಡು ನಡೆಯುತ್ತದೆ. ಬೆರಳು ಉಳಿಸುವ ಮೆತ್ತನೆಯ ಚಪ್ಪಲಿಗೆ ನಡೆಯುವುದಿಲ್ಲ.

ಗಾಳಿ ತುಸು ತಿರುಗಿದೆ ಅನ್ನಿ. ತಮಿಳುನಾಡು 2021ರಲ್ಲಿ, ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯಿಂದಲೇ, ಬಿಪಿ ಮತ್ತು ಸಕ್ಕರೆಯ ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸಲು ಶುರುಮಾಡಿತು. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಹೊರಟಿತು. ಮಾತ್ರೆ ಮನೆಗೆ ಬಂದರೆ ಅರ್ಧ ಕೆಲಸವಾಯಿತು. ಮನೆಯಲ್ಲಿ ಕಂಡದ್ದು ಆಸ್ಪತ್ರೆಗೆ ಹೋಗಿ ಮುಟ್ಟುವ ದಾರಿ ಇನ್ನೂ ಆಗಬೇಕು.

ನಮ್ಮ ಬೀದಿಯ ಹಿರಿಯರೊಬ್ಬರು ವಾರಕ್ಕೆ ಮೂರು ಸಲ ತಾಲ್ಲೂಕು ಕೇಂದ್ರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ, ಪ್ರತಿ ಸಲ ನಾಲ್ಕು ಗಂಟೆ. ಕರೆದೊಯ್ಯುವುದು ಒಬ್ಬರೇ ಆಟೋದವರು, ಎರಡು ವರ್ಷದಿಂದ. ಹೋದ ತಿಂಗಳು ಅವರು ಆ ಮನೆಯ ಮಗಳಿಗೆ ಹೇಳಿದರಂತೆ: "ಅಕ್ಕಾ, ಯಜಮಾನರು ಈ ವಾರ ಎರಡು ಸಲ ಆಟೋ ಹತ್ತುವಾಗ ಎಡಗೈ ಬಳಸಲೇ ಇಲ್ಲ." ಅವಳು ಡಯಾಲಿಸಿಸ್ ಕೊಠಡಿಯಲ್ಲಿ ಅದನ್ನೇ ಹೇಳಿದಳು. ಅಲ್ಲಿನ ದಾದಿ ಗಮನವಿಟ್ಟು ಕೇಳಿಕೊಂಡರು. ಆಮೇಲೆ ಕೈಯಲ್ಲಿದ್ದ ನಮೂನೆಯ ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡಿ, ಇದನ್ನು ಬರೆಯಲು ಇದರಲ್ಲಿ ಜಾಗವೇ ಇಲ್ಲವಲ್ಲ ಎಂದು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ನಮಸ್ಕಾರ.