ಕಟ್ಟಿಂಗೇರಿಯ ಹೆಬ್ಬಾರರು ಕಥಕ್ ಕಲಿತದ್ದು ಯಾಕೆ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಿಂತು ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ಬಗ್ಗೆ ಮಾತಾಡುವುದು ಸುಲಭ, ಅದೇ ತೊಂದರೆ. ಇಲ್ಲೇ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು, 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. "ನಮ್ಮೂರಿನವರು" ಅಂತ ಒಂದು ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ನನಗೆ ಅವರು ದೊಡ್ಡವರಾಗಿ ಕಾಣುವುದು ಬೇರೆ ಕಾರಣಕ್ಕೆ: ಕಷ್ಟಪಟ್ಟು ಕಲಿತದ್ದನ್ನು ಬದಿಗಿಡುವ ಧೈರ್ಯ ಅವರಿಗಿತ್ತು.

ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಅಲ್ಲೇ ಮಾಸ್ಟ್ರೂ ಆದರು. ಅಲ್ಲಿ ಆಗ ಹೆಚ್ಚಾಗಿ ಬ್ರಿಟಿಷ್ ಕ್ರಮ. ಎದುರಿಗೆ ಒಬ್ಬರನ್ನು ಕೂರಿಸಿ, ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಅದರಲ್ಲಿ ಪಳಗಿದ ಕೈಗೆ ಭಾವಚಿತ್ರ ಬರೆದುಕೊಂಡೇ ಹಾಯಾಗಿ ಇರಬಹುದಿತ್ತು, ಅಲ್ವಾ? ಇವರು ಹಾಗೆ ಕೂರಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಮಿನಿಯೇಚರ್ ಅಂದರೆ ಪುಟ್ಟ ಅಳತೆಯ ಚಿತ್ರ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಕೆಲಸ, ಇವೆಲ್ಲ ಅವರನ್ನು ಎಳೆದವು. 1949ರ ಹೊತ್ತಿಗೆ ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಸ್ವತಃ ಪಾಠ ಹೇಳಿದ ಮೇಲೆ ಬೆಂಚಿನಲ್ಲಿ ಕೂರುವುದು ಎಲ್ಲರಿಂದ ಆಗುವ ಕೆಲಸ ಅಲ್ಲ.

ನನಗೆ ಜಾಸ್ತಿ ಇಷ್ಟದ ವಿಷಯ ಇನ್ನೊಂದು. ಲಯ ಅಂದರೆ ಏನು ಅಂತ ತಿಳಿಯಲು ಅವರು ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ತಿರ ಸುಮಾರು ಎರಡು ವರ್ಷ ಕಥಕ್ ಕಲಿತರು. ವೇದಿಕೆ ಹತ್ತಲಿಕ್ಕಲ್ಲ, ಗೆರೆ ಎಳೆಯಲಿಕ್ಕೆ! ಅವರ ನೃತ್ಯದ ರೇಖಾಚಿತ್ರ ಒಂದನ್ನು ಹತ್ತಿರದಿಂದ ನೋಡಿ. ಗೆರೆ ಭುಜದಿಂದ ಹೊರಟು ಬೆನ್ನಿಗೆ ಇಳಿಯುತ್ತದೆ, ಸೊಂಟದಲ್ಲಿ ಸ್ವಲ್ಪ ತಿರುಗುತ್ತದೆ, ಅಲ್ಲಿಂದ ಸೀದಾ ಪಾದಕ್ಕೆ. ನೆರಳಿಲ್ಲ, ತಿದ್ದಿಲ್ಲ. ಕುಣಿಯುವವರ ಭಾರ ಯಾವ ಕಾಲಿನ ಮೇಲಿದೆ ಅಂತ ಮಾತ್ರ ಸ್ಪಷ್ಟ. ಇಂಥ ಚಿತ್ರಗಳ ಸಂಕಲನಕ್ಕೆ ಅವರು 'ದಿ ಸಿಂಗಿಂಗ್ ಲೈನ್' ಅಂತ ಹೆಸರಿಟ್ಟರು. ಪೆನ್ಸಿಲ್ ಹಿಡಿದು ನಕಲು ಮಾಡಿ ನೋಡಿ, ಸೊಂಟದ ಹತ್ತಿರ ಕೈ ತಡವರಿಸುತ್ತದೆ. ಉಡುಪಿಯಲ್ಲಿ ಚೆಂಡೆ ಪೆಟ್ಟಿಗೆ ಕಾಲು ಹಾಕುವ ಯಕ್ಷಗಾನದ ಹುಡುಗರಿಗೆ ಈ ಗೆರೆ ನಮಗಿಂತ ಬೇಗ ಅರ್ಥ ಆದೀತು.

ಅವರು ಕೋಳಿ ಅಂಕವನ್ನೂ, ಅಂದರೆ ಕೋಳಿ ಕಾಳಗವನ್ನೂ, ಬರೆದಿದ್ದಾರೆ. ಅಂಕ ನೋಡಿದವರಿಗೆ ಗೊತ್ತು, ಕಾಲಿಗೆ ಕತ್ತಿ ಕಟ್ಟಿದ ಎರಡು ಕೋಳಿ ಹಾರಿದಾಗ ಯಾವ ರೆಕ್ಕೆ ಯಾರದ್ದು ಅಂತ ಕಣ್ಣಿಗೆ ಸಿಗುವುದೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಲು ಅಲ್ಲಿ ಇರುವುದಾದರೂ ಏನು? ಹಳೆ ಪಾಠ ಅಲ್ಲಿ ಕೈ ಕೊಡುತ್ತದೆ. ಹಾಗಾಗಿ ಅವರನ್ನು ಸುಮ್ನೆ ಕರಾವಳಿಯ ಚಂದ ಬರೆದವರು ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ಮುಂದೆ ಯುದ್ಧ, ಬಡತನದಂಥ ವಿಷಯಗಳಿಗೂ ಕೈ ಹಾಕಿದರು, ಬಣ್ಣ ದಪ್ಪವಾಯಿತು. ನಿಜ ಹೇಳಬೇಕೆಂದರೆ, ಅವುಗಳಲ್ಲಿ ಎಲ್ಲವೂ ನನಗೆ ಹಿಡಿಸುವುದಿಲ್ಲ. ಆದರೆ ಅವನ್ನು ಮೊಬೈಲಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಮಣಿಪಾಲದಲ್ಲೇ ಅವರ ಹೆಸರಿನ ಗ್ಯಾಲರಿ ಇದೆ. ಬೆಂಗಳೂರಿಗೆ ಹೋದರೆ ವೆಂಕಟಪ್ಪ ಚಿತ್ರಶಾಲೆಗೆ ಅವರೇ ಕೊಟ್ಟ ಚಿತ್ರಗಳಿವೆ. ತೈಲಚಿತ್ರವನ್ನು ಎದುರಿನಿಂದ ನೋಡಿದ ಮೇಲೆ ಒಮ್ಮೆ ಪಕ್ಕಕ್ಕೆ ಬಂದು ನೋಡಿ, ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಆಗ ಕಾಣುತ್ತದೆ.